ಲಿಫ್ಟು ಸೋತ ಹಂಗಾಮು

ಹೋದ ತಿಂಗಳು ಸಿರುಗುಪ್ಪದಲ್ಲಿ ನಾನು ಮಾಡಿದ ಗಲಾಟೆಗೆ ನನ್ನ ಮಗಳು ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದಾಳೆ. ಹಾಕಿಕೊಳ್ಳಲಿ. ಅಳಿಯನ ಪರಿಚಯದವರು ಯಾರೋ ಹೊಸ ಅಕ್ಕಿ ಗಿರಣಿ ಕಟ್ಟಿಸಿದ್ದರು, ಪೂಜೆಗೆ ಮನೆಮಂದಿಯೆಲ್ಲ ಬರಬೇಕೆಂದು ಹೇಳಿ ಹೋಗಿದ್ದರು. ಅವರು ಪಂಪನಗೌಡನ ಮೊಮ್ಮಕ್ಕಳು ಎಂದು ಗೊತ್ತಿದ್ದರೆ ನಾನು ಬಳ್ಳಾರಿ ಬಿಟ್ಟು ಏಳುತ್ತಲೇ ಇರಲಿಲ್ಲ.

ಗಿರಣಿಯ ಬಾಗಿಲ ಪಕ್ಕ ಒಂದು ಸಿಮೆಂಟಿನ ಕಟ್ಟೆ, ಅದರ ಮೇಲೆ ಗೌಡನ ಹಳೇ ಟ್ರ್ಯಾಕ್ಟರು. ಇಂಗ್ಲೆಂಡಿನಿಂದ ಬಂದ ಬೂದು ಬಣ್ಣದ ಗಾಡಿ. ಹೊಸದಾಗಿ ಬಣ್ಣ ಬಳಿದು, ಚೆಂಡುಹೂವಿನ ಹಾರ ಹಾಕಿ, ಬಾನೆಟ್ಟಿಗೆ ವಿಭೂತಿ ಎಳೆದು ನಿಲ್ಲಿಸಿದ್ದರು. ಆಯುಷ್ಯವೆಲ್ಲ ಟ್ರ್ಯಾಕ್ಟರ್ ಮೇಸ್ತ್ರಿಯಾಗಿ ದುಡಿದವನಿಗೆ ಗಾಡಿಯನ್ನು ಮುಂದಿನಿಂದ ನೋಡುವ ಅಭ್ಯಾಸವಿಲ್ಲ. ಹಿಂದಕ್ಕೆ ಹೋಗಿ ಬಗ್ಗಿದೆ. ನೇಗಿಲು ಎತ್ತುವ ಲಿಫ್ಟಿನ ತೋಳುಗಳ ಬುಡದಲ್ಲಿ, ಹೊಸ ಬಣ್ಣದ ಮೇಲೆ, ಗೇರ್ ಎಣ್ಣೆ ತೆಳ್ಳಗೆ ಜಿನುಗಿತ್ತು. ಬೆರಳಿಗೆ ಹಚ್ಚಿಕೊಂಡು ಮೂಸಿದೆ. ಆ ಕಮಟು ವಾಸನೆಗೆ ನನ್ನ ವಯಸ್ಸು ಇಪ್ಪತ್ತೊಂಬತ್ತಕ್ಕೆ ಇಳಿಯಿತು.

ಅದೇ ಹೊತ್ತಿಗೆ ಗೌಡನ ಮೊಮ್ಮಗ ನೆಂಟರನ್ನು ಕರೆದುಕೊಂಡು ಬಂದು ಗಾಡಿಯ ಕತೆ ಶುರು ಮಾಡಿದ.

“ಇದರ ಲಿಫ್ಟು ಒಂದ್ ಸಲ ಕೈ ಕೊಟ್ಟಿತ್ತಂತ್ರಿ. ಡ್ರೈವರ್ ಕಳ್ಳ. ಹೊಸ ಎಣ್ಣಿ ತೆಗದು ಮಾರ್ಕೊಂಡು ಹಳೆ ಎಣ್ಣಿ ಹಾಕಿದ್ನಂತ. ಬಳ್ಳಾರಿ ಮೇಸ್ತ್ರಿ ಒಬ್ಬ ಬಂದು ಬರೇ ಬೆರಳಾಗ ತಿಕ್ಕಿ ನೋಡಿ ಹಿಡದುಬಿಟ್ನಂತ. ನಮ್ಮಜ್ಜ ಸಾಯೋತನ ಹೇಳ್ತಿದ್ದ.”

ನೆಂಟರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

“ಮುಚ್ಚಲೇ ಬಾಯಿ!” ಎಂದು ಕೂಗಿಬಿಟ್ಟೆ. “ಯಾರಿಗಲೇ ಕಳ್ಳ ಅಂತೀ? ಆ ಮೇಸ್ತ್ರಿ ನಾನ ಅದೀನಿ. ನನ್ನ ಕೇಳು!”

ಪೂಜೆಯ ಮಂತ್ರ ನಿಂತಿತು. ಮಗಳು ಓಡಿ ಬಂದು ರಟ್ಟೆ ಹಿಡಿದು ಎಳೆದಳು. ಕಾರಿನಲ್ಲಿ ಕೂತ ಮೇಲೆ, “ನಿನಗೇನಾಗೇತಪ್ಪ? ಯಾರೋ ಹಳೇ ಡ್ರೈವರ್ ಸಲವಾಗಿ ಮಂದಿ ಮುಂದ ಮಾನ ಕಳದ್ಯಲ್ಲ” ಎಂದಳು. ಏನಾಗಿದೆ ಎಂದು ಅವಳಿಗೆ ಹೇಳಲಾಗಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಒಂದು ಮಳೆಗಾಲ. ನಾನಾಗ ಬಳ್ಳಾರಿಯಲ್ಲಿ, ಕೋಟೆ ಗುಡ್ಡ ಎದುರಿಗೇ ಕಾಣುವ ಬೀದಿಯ ಒಂದು ವರ್ಕ್‌ಶಾಪಿನಲ್ಲಿದ್ದೆ. ಇಂಜಿನ್ನಿನ ಶಬ್ದ ಕೇಳಿಯೇ ರೋಗ ಹೇಳುತ್ತಾನೆ ಎಂದು ಮಂದಿ ಹೊಗಳುತ್ತಿದ್ದರು. ಹೊಗಳಿಸಿಕೊಂಡು ಹೊಗಳಿಸಿಕೊಂಡು ನನಗೆ ಕೊಬ್ಬು ಬಂದಿತ್ತು. ಮಳೆಗಾಲ ಎಂದರೂ ಬಳ್ಳಾರಿಯಲ್ಲಿ ಮೋಡ ಗುಡ್ಡದ ಮೇಲೆ ಬಂದು ನಿಂತು, ನಮ್ಮನ್ನು ಒಂದು ಸಲ ನೋಡಿ, ಆಂಧ್ರದ ಕಡೆ ಹೋಗಿಬಿಡುತ್ತಿತ್ತು. ಸಿರುಗುಪ್ಪದ ಗದ್ದೆಯವರಿಗೆ ಆ ಮೋಡದ ಗೊಡವೆಯೇ ಇರಲಿಲ್ಲ. ತುಂಗಭದ್ರೆಯ ಕಾಲುವೆಗೆ ನೀರು ಬಿಟ್ಟ ದಿನ ಅವರ ಮಳೆಗಾಲ ಶುರು. ಅಲ್ಲಿಂದ ಮೂರು ವಾರ ಯಾರಿಗೂ ಉಸಿರಾಡಲು ಬಿಡುವಿರುತ್ತಿರಲಿಲ್ಲ. ಎರೆಮಣ್ಣಿನ ಗದ್ದೆಗೆ ನೀರು ನಿಲ್ಲಿಸಿ, ಟ್ರ್ಯಾಕ್ಟರಿಗೆ ಕಬ್ಬಿಣದ ಪಂಜರದಂಥ ಚಕ್ರ ಕಟ್ಟಿ, ಕೆಸರು ಮಾಡಬೇಕು. ಅತ್ತ ಮಡಿಯಲ್ಲಿ ಭತ್ತದ ಸಸಿ ಬಲಿಯುತ್ತಿರುತ್ತದೆ. ತಡವಾದರೆ ನಾಟಿ ಕೆಟ್ಟಿತು.

ಅಂಥ ಹೊತ್ತಿನಲ್ಲಿ ಪಂಪನಗೌಡನ ಟ್ರ್ಯಾಕ್ಟರಿನ ಲಿಫ್ಟು ಸೋತಿತು. ಲಿಫ್ಟು ಎಂದರೆ ಗಾಡಿಯ ಹಿಂದೆ ಕಟ್ಟಿದ, ಮಣ್ಣು ಕಲಕುವ ಹಲ್ಲುಗಳ ಕಲ್ಟಿವೇಟರನ್ನು ಎತ್ತಿ ಇಳಿಸುವ ಸಾಧನ, ಎಣ್ಣೆಯ ಒತ್ತಡದಿಂದ ನಡೆಯುವಂಥದು. ಬದುವಿನ ಹತ್ತಿರ ಗಾಡಿ ತಿರುಗಿಸುವಾಗ ಕಲ್ಟಿವೇಟರು ಮೇಲೇಳಲೇಬೇಕು. ಏಳದಿದ್ದರೆ ಅದು ಕೆಸರಿಗೆ ಕಚ್ಚಿಕೊಂಡು ಗಾಡಿಯನ್ನೂ ಹೂತುಹಾಕುತ್ತದೆ. ಗೌಡ ವರ್ಕ್‌ಶಾಪಿಗೆ ಆಳು ಕಳಿಸಿದ. ಮಾಲೀಕರು ನನ್ನನ್ನು ಕಳಿಸಿದರು. ಸ್ಪ್ಯಾನರ್ ಚೀಲ ಹೆಗಲಿಗೆ ಹಾಕಿಕೊಂಡು ಮುಂಜಾನೆಯ ಬಸ್ಸಿಗೆ ಹೋದೆ.

ಗದ್ದೆಯಲ್ಲಿ ಗಾಡಿ ಬದುವಿಗೆ ಓರೆಯಾಗಿ ನಿಂತಿತ್ತು. ಪಕ್ಕದ ತಾಕಿನಲ್ಲಿ ಹತ್ತು ಹನ್ನೆರಡು ಹೆಂಗಸರು ಬಗ್ಗಿ ನಾಟಿ ಮಾಡುತ್ತಿದ್ದರು. ಕುರುಗೋಡು, ಬಾದನಹಟ್ಟಿ ಕಡೆಯಿಂದ ಬಂದವರು. ಗೌಡ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ, ಬಿಳಿ ಪಂಚೆಗೆ ಒಂದು ಹನಿ ಕೆಸರಿಲ್ಲ. ಡ್ರೈವರ್ ಎರ್ರಿಸ್ವಾಮಿ ಮೊಣಕಾಲಮಟ್ಟ ಕೆಸರಿನಲ್ಲಿದ್ದ. ಕುರುಗೋಡಿನವನು, ನನಗಿಂತ ಹತ್ತು ವರ್ಷ ದೊಡ್ಡವನು, ಆ ಗಾಡಿ ಬಂದ ದಿನದಿಂದ ಅದರ ಸ್ಟೇರಿಂಗ್ ಹಿಡಿದವನು. ಮಾತು ಕಡಿಮೆ. ಆದರೆ ಅವತ್ತು ನನ್ನನ್ನು ಕಂಡ ಕೂಡಲೇ ತಾನಾಗಿ ಮಾತಾಡಿದ.

“ಮೇಸ್ತ್ರಿ, ಒಂದ್ ಮಾತು ಕೇಳ್ರಿ. ಚಾಲೂ ಮಾಡಿದಾಗ ಚಲೋ ಎತ್ತತೈತಿ. ಎಂಟು ಹತ್ತು ಸುತ್ತು ಆದ ಮ್ಯಾಲ ಸೋಲತೈತಿ. ಆಫ್ ಮಾಡಿ ಒಂದ್ ಬೀಡಿ ಸೇದಿ ಬಂದ್ರ ಮತ್ತ ಎತ್ತತೈತಿ. ಒಳಗ ಏನೋ ಅಡ್ಡ ಬಂದು ಕುಂದರತೈತಿ ಅನಸತೈತ್ರಿ.”

ರೋಗಿ ತನ್ನ ರೋಗವನ್ನು ಇದಕ್ಕಿಂತ ಚೆನ್ನಾಗಿ ಹೇಳಲಾರ. ಉತ್ತರವನ್ನು ನನ್ನ ಅಂಗೈಗೇ ಇಟ್ಟಿದ್ದ. ನಾನು ಏನೆಂದೆ ಗೊತ್ತೇ?

“ನೀ ಡ್ರೈವರೋ, ಮೇಸ್ತ್ರಿಯೋ? ನಿನ್ನ ಕೆಲಸ ನೀ ನೋಡ್ಕೊ.”

ಅವನು ಹಿಂದೆ ಸರಿದು ಜಾಗ ಬಿಟ್ಟ. ನಾಟಿ ಹೆಂಗಸರಲ್ಲಿ ಯಾರೋ ಕಿಸಕ್ಕೆಂದಳು. ಆ ನಗು ನನಗೆ ಇನ್ನಷ್ಟು ಹುರುಪು ಕೊಟ್ಟಿತು. ಈಗ ನೆನೆಸಿಕೊಂಡರೆ ಆ ಇಪ್ಪತ್ತೊಂಬತ್ತು ವರ್ಷದವನ ಕೆನ್ನೆಗೆ ಎರಡು ಬಾರಿಸಬೇಕೆನಿಸುತ್ತದೆ.

ಆ ಗಾಡಿಯಲ್ಲಿ ಗೇರಿಗೂ ಲಿಫ್ಟಿಗೂ ಒಂದೇ ಎಣ್ಣೆ. ಮೊದಲು ಕೆಳಗಿನ ಬೋಲ್ಟ್ ಸಡಿಲಿಸಿ ಅಂಗೈಗೆ ಸ್ವಲ್ಪ ಎಣ್ಣೆ ಹಿಡಿದೆ. ಕಪ್ಪಗಿತ್ತು. ಹೆಬ್ಬೆರಳಿನಲ್ಲಿ ತಿಕ್ಕಿದೆ, ಮೂಸಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಎಂಬ ಖುಷಿಯಲ್ಲಿ ದೊಡ್ಡ ದನಿಯಲ್ಲಿ ಹೇಳಿದೆ: “ಇದು ಸವೆದ ಎಣ್ಣಿ ಗೌಡ್ರ. ಇದರಾಗ ಲಿಫ್ಟು ಹೆಂಗ ಎತ್ತತೈತಿ?”

ಗೌಡನ ಕೊಡೆ ಕೆಳಗಿಳಿಯಿತು.

“ಏನಂದ್ರಿ? ಯುಗಾದಿ ಮುಂದ ನಾನ ಖುದ್ದು ಹೊಸ ಎಣ್ಣಿ ಹಾಕೀನಿ. ಡಬ್ಬಿ ಸೀಲ್ ಒಡದಿದ್ದು ನಾನ, ಸುರವಿದ್ದು ನಾನ. ಇವನ ಕೈಯಾಗ ಎಣ್ಣಿ ಕೊಡಬಾರದಂತ ಡಬ್ಬಿ ನನ್ನ ಕ್ವಾಣ್ಯಾಗ ಕೀಲಿ ಹಾಕಿ ಇಟ್ಟಿದ್ದೆ. ಹಂಗಾರ ಆ ಹೊಸ ಎಣ್ಣಿ ಎಲ್ಲಿ ಹೋತು?”

ಅವನು ಕೇಳಿದ್ದು ನನ್ನನ್ನು, ನೋಡಿದ್ದು ಎರ್ರಿಸ್ವಾಮಿಯನ್ನು.

“ನಾ ಅದಕ್ಕ ಕೈ ಹಚ್ಚಿಲ್ರಿ ಗೌಡ್ರ” ಎಂದ ಎರ್ರಿಸ್ವಾಮಿ.

“ಕೈ ಹಚ್ಚದ ಹೊಸಾದು ಹಳೇದು ಆತೇನಲೇ? ತೆಗದು ಮಾರ್ಕೊಂಡು ಯಾವನ್ದೋ ಲಾರಿದು ಹಳೆ ಎಣ್ಣಿ ತುಂಬೀಯಲ್ಲ! ಮೇಸ್ತ್ರಿ, ನೀವ ಹೇಳ್ರಿ. ಹಂಗ ಆಗಿರತೈತೋ ಇಲ್ಲೋ?”

ಹಳೆಯದನ್ನು ಪೂರ್ತಿ ಇಳಿಸದೆ ಮೇಲಿಂದ ಹೊಸದು ಸುರಿದರೂ ಎಣ್ಣೆ ಕಪ್ಪಾಗುತ್ತದೆ. ಇದು ನನಗೆ ಗೊತ್ತಿತ್ತು. “ಹಳೇದು ಪೂರ್ತಿ ಇಳಿಸಿದ್ರೇನ್ರಿ?” ಎಂದು ಒಂದು ಮಾತು ಗೌಡನನ್ನು ಕೇಳಬೇಕಿತ್ತು, ಅಷ್ಟೇ. ಆದರೆ ಬದುವಿನ ಮೇಲೆ ಕೊಡೆ ಹಿಡಿದು ನಿಂತವನಿಗೆ ನಿಮಗೆ ಎಣ್ಣೆ ಹಾಕಲು ಬರುವುದಿಲ್ಲ ಎಂದು ಹೇಳುವ ಬಾಯಿ ನನಗಿರಲಿಲ್ಲ. ಕೆಸರಿನಲ್ಲಿ ನಿಂತವನ ಮೇಲೆ ಹೇಳುವ ಬಾಯಿ ಧಾರಾಳವಾಗಿತ್ತು.

“ಹಂಗ ಆಗಿರತೈತ್ರಿ” ಎಂದೆ.

ನಾಟಿಯವರು ನೆಟ್ಟಗೆ ನಿಂತು ನೋಡುತ್ತಿದ್ದರು, ಕೈಯಲ್ಲಿ ಸಸಿಯ ಕಟ್ಟು ಹಾಗೇ ಇತ್ತು. ಎರ್ರಿಸ್ವಾಮಿ ಗೌಡನನ್ನು ನೋಡಲಿಲ್ಲ. ನನ್ನನ್ನು ನೋಡಿದ. ಆಮೇಲೆ ಸೀಟಿನ ಕೆಳಗಿದ್ದ ಟವೆಲ್ಲು, ತಂಬಾಕಿನ ಡಬ್ಬಿ ತೆಗೆದುಕೊಂಡ. ಕಾಲುವೆಯಲ್ಲಿ ಕಾಲು ತೊಳೆದುಕೊಂಡ. ಬದುವಿನುದ್ದಕ್ಕೂ ನಡೆದುಕೊಂಡು ಹೋದ. “ಕಳ್ಳ ಸೂಳೇಮಗ” ಎಂದು ಗೌಡ ಹಿಂದಿನಿಂದ ಕೂಗಿದರೂ ತಿರುಗಲಿಲ್ಲ.

ಮರುದಿನ ಹೊಸ ಡಬ್ಬಿ ಬಂತು. ಹಳೆಯದನ್ನು ನಾನು ಕೊನೆಯ ಹನಿಯವರೆಗೂ ಇಳಿಸಿದೆ. ಕೈ ತೊಳೆದು ರೊಟ್ಟಿ ತಿನ್ನಲು ಮರದ ಕೆಳಗೆ ಕೂತೆ. ತಿರುಗಿ ಬರುವಷ್ಟರಲ್ಲಿ ಗೌಡ ತಾನೇ ಎಣ್ಣೆ ಸುರಿದು ಮುಗಿಸಿದ್ದ. “ನಮ್ಮ ಎಣ್ಣಿ ನಾವ ಹಾಕಬೇಕು. ಇನ್ನೊಬ್ರ ಕೈ ನಂಬಬಾರದು” ಎಂದ. ಗಾಡಿ ಚಾಲೂ ಮಾಡಿದೆ. ಕಲ್ಟಿವೇಟರು ಹೂವಿನ ಹಾಗೆ ಮೇಲೆದ್ದಿತು. ಗೌಡ ನನ್ನ ಬೆನ್ನು ತಟ್ಟಿದ. “ಹಿಡದ್ರಿ ನೋಡ್ರಿ ಕಳ್ಳನ್ನ!”

ಐದನೇ ಸುತ್ತಿಗೆ ಲಿಫ್ಟು ನಡುಗಿತು. ಏಳನೇ ಸುತ್ತಿಗೆ ಅರ್ಧಕ್ಕೆ ನಿಂತಿತು. ಒಂಬತ್ತನೆಯದಕ್ಕೆ ಅಲುಗಲೇ ಇಲ್ಲ, ಕಲ್ಟಿವೇಟರು ಕೆಸರು ಕಚ್ಚಿ ಗಾಡಿ ಹೂತಿತು. ಹೊಸ ಎಣ್ಣೆ ಹಾಕಿದ ಮೇಲೆ ಮೊದಲಿಗಿಂತ ಬೇಗ ಸೋತಿತು. ನಾನು ಇಂಜಿನ್ ನಿಲ್ಲಿಸಿ ಸೀಟಿನ ಮೇಲೇ ಕೂತೆ. ಏನು ಮಾಡಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸುಮ್ಮನೆ ಚಾಲೂ ಮಾಡಿ ನೋಡಿದೆ. ಎತ್ತಿತು.

ಆಗ ಎರ್ರಿಸ್ವಾಮಿಯ ಬೀಡಿಯ ಮಾತು ನೆನಪಾಗಿ ತಲೆ ಧಿಮ್ಮೆಂದಿತು. ಒಂದು ಬೀಡಿ ಸೇದುವಷ್ಟರಲ್ಲಿ ಎಣ್ಣೆ ತಣ್ಣಗಾಗುವುದಿಲ್ಲ. ಲಿಫ್ಟಿಗೆ ಎಣ್ಣೆ ಒತ್ತುವ ಪಂಪು ಸವೆದಿದ್ದರೆ ಅಷ್ಟರಲ್ಲಿ ಹೊಸದಾಗುವುದಿಲ್ಲ. ಪಂಪು ಎಣ್ಣೆ ಹೀರುವಾಗ ಏನೋ ಬಂದು ಅದರ ಬಾಯಿಯ ಜಾಲರಿಗೆ ಅಂಟುತ್ತಿದೆ, ಹೀರುವುದು ನಿಂತಾಗ ಕಳಚಿ ಬೀಳುತ್ತಿದೆ. ಅವನು ಹೇಳಿದ್ದು ಅದನ್ನೇ. ಒಳಗೆ ಏನೋ ಅಡ್ಡ ಬಂದು ಕೂರುತ್ತದೆ.

ಗಾಡಿಯನ್ನು ಬದುವಿನ ಪಕ್ಕಕ್ಕೆ ತಂದು, ಎಣ್ಣೆ ಮತ್ತೆ ಇಳಿಸಿ, ಪಕ್ಕದ ಮುಚ್ಚಳ ಬಿಚ್ಚಿ, ತೋಳು ಪೂರ್ತಿ ಒಳಗೆ ಹಾಕಿದೆ. ಪಂಪಿನ ಬಾಯಿಗಿರುವ ತಂತಿಯ ಜಾಲರಿಯನ್ನು ಬೆರಳಿನಿಂದ ತಡಕಿದೆ. ತಂತಿ ಸಿಗಲಿಲ್ಲ, ಮೆತ್ತಗೆ ಏನೋ ಸಿಕ್ಕಿತು. ಬಿಚ್ಚಿ ಹೊರಗೆ ತಂದೆ. ಜಾಲರಿಯ ಸುತ್ತ ಬೆರಳು ದಪ್ಪದ ಕಪ್ಪು ಕಂಬಳಿ ಸುತ್ತಿಕೊಂಡಿತ್ತು. ಉಗುರಿನಲ್ಲಿ ಕಿತ್ತು ಬಿಡಿಸಿದರೆ ಎಳೆ ಎಳೆಯಾಗಿ ಬಂತು. ಹತ್ತಿ!

ತಲೆಯೆತ್ತಿದೆ. ಬದುವಿನ ಮೇಲೆ ಗೌಡ ಎಣ್ಣೆ ಸುರಿದ ಲಾಳಿಕೆ ಇನ್ನೂ ಅಲ್ಲೇ ಬಿದ್ದಿತ್ತು. ಅದರ ಕೊರಳಲ್ಲಿ ಬಿಳಿ ಹತ್ತಿಯ ಉಂಡೆ, ಎಣ್ಣೆಯಲ್ಲಿ ಅರ್ಧ ಕರಗಿ ಹೋದ ಹಾಗೆ ತೆಳ್ಳಗಾಗಿತ್ತು.

ಹತ್ತಿ ಬೆಳೆಯುವ ನಮ್ಮ ಸೀಮೆಯ ಮನೆಗಳಲ್ಲಿ ಎಣ್ಣೆಯನ್ನು ಹಾಗೇ ಸುರಿಯುವುದಿಲ್ಲ. ಗಾಣದಿಂದ ಬಂದ ಶೇಂಗಾ ಎಣ್ಣೆಯಾಗಲಿ, ದೇವರ ದೀಪದ ಎಣ್ಣೆಯಾಗಲಿ, ಲಾಳಿಕೆಗೆ ಒಂದು ಹಿಡಿ ಹತ್ತಿ ಇಟ್ಟು ಸೋಸಿ ಹಾಕುವುದು ಪದ್ಧತಿ. ಗೌಡನಿಗೆ ಹತ್ತಿ ಅರೆದು ಬೀಜ ಬಿಡಿಸುವ ಸ್ವಂತ ಮಿಷನ್ನಿತ್ತು, ಮನೆಯಲ್ಲಿ ಹತ್ತಿಗೆ ಬರವಿಲ್ಲ. ಲಕ್ಷ್ಮಿಯಂಥ ಗಾಡಿಗೆ ಕಸ ಹೋಗಬಾರದೆಂದು ಮಡಿಯಿಂದ ಕೈ ತೊಳೆದು, ಹತ್ತಿ ಇಟ್ಟು, ಸೋಸಿ ಸೋಸಿ ಹಾಕಿದ್ದ. ಗೇರ್ ಎಣ್ಣೆ ಜೇನಿನಷ್ಟು ಮಂದ. ಇಳಿಯುತ್ತಾ ಇಳಿಯುತ್ತಾ ಎಳೆಗಳನ್ನೂ ಎಳೆದುಕೊಂಡು ಇಳಿದಿತ್ತು. ಡ್ರೈವರನ ಕೈಗೆ ಡಬ್ಬಿ ಕೊಟ್ಟಿದ್ದರೆ ಅವನು ನೇರವಾಗಿ ಸುರಿಯುತ್ತಿದ್ದ, ಲಿಫ್ಟು ಇನ್ನೂ ಹತ್ತು ವರ್ಷ ಎತ್ತುತ್ತಿತ್ತು.

ಗೌಡನ ಮುಂದೆ ಜಾಲರಿ ಹಿಡಿದೆ. ನಾಟಿಯವರು ಅಷ್ಟು ಹೊತ್ತಿಗೆ ದೂರದ ತಾಕಿಗೆ ಹೋಗಿದ್ದರು. ಅಲ್ಲಿದ್ದವರು ನಾವಿಬ್ಬರೇ.

“ಏನಿದು?” ಎಂದ.

“ನಿಮ್ಮ ಹತ್ತಿ, ಗೌಡ್ರ.”

ನೋಡಿದ. ಲಾಳಿಕೆಯ ಕಡೆ ನೋಡಿದ. ಮುಖ ಬಿಳುಚಿತು. ಪಾಪ ಅನ್ನಿಸುವ ಹೊತ್ತು ಅದು, ಆದರೆ ಅದು ಒಂದು ಗಳಿಗೆಯೂ ಉಳಿಯಲಿಲ್ಲ. ಕೊಡೆ ಬಿಚ್ಚಿಕೊಂಡು ಮತ್ತೆ ಗೌಡನಾದ.

“ಆತು, ತೊಳದು ಕುಂದರಸ್ರಿ. ಇದು ನಿಮ್ಮ ನನ್ನ ನಡುವ ಇರ್ಲಿ.”

“ಎರ್ರಿಸ್ವಾಮೀನ ಕರಸ್ರಿ ಗೌಡ್ರ. ಅವನದೇನೂ ತಪ್ಪಿಲ್ಲ.”

“ಕರಸಿ ಏನಂತ ಹೇಳ್ಲಿ? ಪಂಪನಗೌಡಗ ಎಣ್ಣಿ ಹಾಕಾಕ ಬರಂಗಿಲ್ಲ ಅಂತ ಹೇಳ್ಲಾ? ಹೋದವನು ಹೋದ, ಬೇರೆ ಕಡೆ ದುಡಕೊಂತಾನ. ಮತ್ತ ಕಳ್ಳ ಅಂತ ಮೊದ್ಲು ಹೇಳಿದ್ದು ನಾನೇನು? ಎಣ್ಣಿ ಸವದೈತಿ ಅಂದವ್ರು ನೀವ.”

ನನಗೆ ಸಿಟ್ಟು ನೆತ್ತಿಗೇರಿತು. ಇವನಿಗೆ ಮನುಷ್ಯನ ಹೆಸರೆಂದರೆ ಇಷ್ಟು ಹಗುರವೇ, ಬದುವಿನ ಮೇಲಿಂದ ಉಗುಳಿ ಮುಂದೆ ಹೋಗುವಷ್ಟು? ಬಾಯಿ ತುಂಬ ಬಂದ ಬೈಗುಳವನ್ನೆಲ್ಲ ನುಂಗಿಕೊಂಡೆ. ಯಾಕೆ ನುಂಗಿಕೊಂಡೆ? ಅವನು ಹೇಳಿದ ಕೊನೆಯ ಮಾತು ಸುಳ್ಳಾಗಿರಲಿಲ್ಲ. ಜಾಲರಿ ತೊಳೆದು ಕೂರಿಸಿದೆ, ಎಣ್ಣೆಯನ್ನು ನಾನೇ ಸುರಿದೆ. ಸಂಜೆಯವರೆಗೆ ಗಾಡಿ ಓಡಿತು, ಲಿಫ್ಟು ಒಮ್ಮೆಯೂ ಸೋಲಲಿಲ್ಲ.

ಹತ್ತಿಯ ಆ ಕಪ್ಪು ಕಂಬಳಿಯನ್ನು ಪೇಪರಿನಲ್ಲಿ ಸುತ್ತಿಟ್ಟುಕೊಂಡಿದ್ದೆ. ಮರುದಿನ ಮುಂಜಾನೆ ನೇರವಾಗಿ ಬಳ್ಳಾರಿಗೆ ಹೋಗದೆ ಕುರುಗೋಡಿನಲ್ಲಿ ಇಳಿದೆ. ಬಂಡೆಗುಡ್ಡದ ಬುಡದಲ್ಲಿ ಎರ್ರಿಸ್ವಾಮಿಯ ಮನೆ. ಬಾಗಿಲಲ್ಲಿ ಅವನ ಹೆಂಡತಿ ಜೋಳ ಹಸನು ಮಾಡುತ್ತಿದ್ದಳು. ನಾನು ಯಾರೆಂದು ಹೇಳಿದ ಕೂಡಲೇ ಮೊರ ಕೆಳಗಿಟ್ಟಳು.

“ನೀವೇನ್ರಿ ಆ ಮೇಸ್ತ್ರಿ? ನಾಟಿಗೆ ಹೋದ ನಮ್ಮ ಓಣ್ಯಾಗಿನ ಹೆಂಗಸ್ರು ಮೊನ್ನೆ ಸಂಜಿಗೆ ಬಂದು ಹೇಳಿದ್ರು. ಬಾದನಹಟ್ಟ್ಯಾಗ ಒಬ್ರು ಗಾಡಿ ಓಡಸಾಕ ಕೊಡ್ತೀನಿ ಅಂದಿದ್ರು, ಇವತ್ತು ಮುಂಜಾನಿ ಬ್ಯಾಡ ಅಂತ ಹೇಳಿ ಕಳಿಸ್ಯಾರ. ಇನ್ನೇನ್ ಉಳದೈತಿ ಅಂತ ಬಂದೀರಿ?”

ಎರ್ರಿಸ್ವಾಮಿ ಒಳಗಿನಿಂದ ಬಂದ. ಹೆಂಡತಿಗೆ ಸುಮ್ಮನಿರು ಎಂದು ಕೈ ಮಾಡಿದ. ನನಗೆ ನೀರು ತರಿಸಿದ. ನಾನು ಪೇಪರು ಬಿಚ್ಚಿ, ಹತ್ತಿ ತೋರಿಸಿ, ಎಲ್ಲವನ್ನೂ ಹೇಳಿದೆ. ಗೌಡನನ್ನು ಬಾಯಿಗೆ ಬಂದಂತೆ ಬೈದೆ. ಅಲ್ಲಿ ಬೈಯಲು ನನಗೆ ಯಾವ ಭಯವೂ ಇರಲಿಲ್ಲ. ಎರ್ರಿಸ್ವಾಮಿ ಹತ್ತಿಯನ್ನು ಮುಟ್ಟಲಿಲ್ಲ.

“ಇದನ್ನ ನನಗ್ಯಾಕ ತೋರಸ್ತೀರಿ ಮೇಸ್ತ್ರಿ? ನಾ ಕದ್ದಿಲ್ಲಂತ ನನಗ ಗೊತ್ತಿಲ್ಲೇನು?”

“ತಪ್ಪಾತಣ್ಣ. ಅದನ್ನ ಹೇಳಾಕ ಬಂದೆ.”

“ಗದ್ದ್ಯಾಗ ನೀವು ಹೇಳಿದಾಗ ಎಷ್ಟ್ ಮಂದಿ ಕೇಳಿದ್ರು?”

“ಹತ್ತು ಹನ್ನೆರಡು ಮಂದಿ.”

“ಇಲ್ಲಿ ಎಷ್ಟ್ ಮಂದಿ ಅದೀವಿ?”

ನಾನು ಹತ್ತಿಯನ್ನು ಮತ್ತೆ ಪೇಪರಿನಲ್ಲಿ ಸುತ್ತತೊಡಗಿದೆ.

“ಗೌಡ ಹೇಳಂಗಿಲ್ಲ, ಅದು ನನಗ ಗೊತ್ತೈತಿ” ಎಂದ. ಅವನ ದನಿ ಏರಿರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. “ಗೌಡನ ಮಾತಿಗೆ ನಾ ಗದ್ದಿ ಬಿಡಲಿಲ್ಲ. ಅವರು ಬೈಯೋದು ರೂಢಿ. ನೀವು ಹೌದಂದ್ರಿ. ಮಂದಿ ನಂಬಿದ್ದು ನಿಮ್ಮನ್ನ. ನಂಬಿದವ್ರ ಮುಂದ ಹೋಗಿ ಹೇಳ್ರಿ, ಅಷ್ಟ ಸಾಕು. ನಾಟಿ ಇನ್ನೂ ನಾಕು ದಿನ ಐತಿ, ಎಲ್ಲಾರೂ ಅಲ್ಲೇ ಇರ್ತಾರ.”

“ಈಗ ಹೋಗ್ತೀನಿ. ಇವತ್ತ ಹೇಳ್ತೀನಿ” ಎಂದೆ. ಸತ್ಯವಾಗಿಯೂ ಹಾಗೇ ಅಂದುಕೊಂಡಿದ್ದೆ. ಬಸ್ ನಿಲ್ಲುವ ಜಾಗದವರೆಗೂ ಸಿಟ್ಟಿನಲ್ಲೇ ನಡೆದೆ. ಗೌಡನ ಎದುರು ಏನೇನು ಹೇಳಬೇಕು, ಹೇಗೆ ಕೂಗಬೇಕು ಎಂದು ಮಾತು ಜೋಡಿಸಿಕೊಂಡೆ. ವರ್ಕ್‌ಶಾಪಿನವರು ಬೈದರೆ ಬೈಯಲಿ. ಬಳ್ಳಾರಿಯಲ್ಲಿ ನನ್ನ ಹೆಸರು ಕೆಟ್ಟರೆ ಕೆಡಲಿ.

ಸಿರುಗುಪ್ಪದ ಬಸ್ಸೇ ಮೊದಲು ಬಂತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಮುಂದಿನ ಸೀಟಿನಲ್ಲೇ ನಾಟಿಯ ಹೆಂಗಸರು ಐದಾರು ಮಂದಿ, ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಒಬ್ಬಳು ನನ್ನ ಗುರುತು ಹಿಡಿದಳು. ಎಲ್ಲರೂ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ನನ್ನ ಬಗ್ಗೆ ಎಂಥ ಗೌರವ!

“ಏನಣ್ಣ, ಆ ಕಳ್ಳನ ಮನಿಗೆ ಹೋಗಿದ್ದೇನು? ಎಣ್ಣಿ ಎಲ್ಲಿ ಮಾರ್ಯಾನಂತ, ಒಪ್ಪಿಕೊಂಡನೇನು?”

ಬಸ್ಸೆಲ್ಲ ಕೇಳುತ್ತಿತ್ತು. ಬಗಲಲ್ಲಿ ಪೇಪರಿನ ಗಂಟಿತ್ತು. ನಂಬಿದವರೆಲ್ಲ ಎದುರಿಗೇ ಕೂತಿದ್ದರು, ಸಿರುಗುಪ್ಪದವರೆಗೆ ಹೋಗುವ ಕೆಲಸವೂ ಇರಲಿಲ್ಲ. ಬಾಯಿ ತೆರೆದರೆ ಮುಗಿಯುತ್ತಿತ್ತು.

“ಹತ್ತತೀರೇನ್ರಿ, ಇಲ್ಲೇನ್ರಿ?” ಕಂಡಕ್ಟರ್ ರೇಗಿದ.

“ಇದಲ್ಲರಿ. ನಂದು ಬಳ್ಳಾರಿ ಬಸ್ಸು” ಎಂದು ಕಾಲು ಕೆಳಗಿಟ್ಟೆ.